ಕಾಂಪೋಸ್ಟ್ ಹಾಕಿದ ಮಣ್ಣಿಗೆ ಬಯೋಚಾರ್: ಸಾರಜನಕ ಕೈತಪ್ಪದಂತೆ ಬಳಸುವ ಕ್ರಮ

ಬಯೋಚಾರ್ ಗೊಬ್ಬರವಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದರ ಬಳಕೆಯಲ್ಲಾಗುವ ಎಷ್ಟೋ ತಪ್ಪುಗಳು ಇದನ್ನು ಗೊಬ್ಬರದ ಲೆಕ್ಕಕ್ಕೆ ಸೇರಿಸುವುದರಿಂದಲೇ ಶುರುವಾಗುತ್ತವೆ. ಕಟ್ಟಿಗೆ, ಹೊಟ್ಟು, ಬೆಳೆಯ ಕಡ್ಡಿಗಳನ್ನು ಗಾಳಿ ಸಾಲದಂತೆ ಮಾಡಿ ಸುಮಾರು 350ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದಾಗ ಉಳಿಯುವ ಇದ್ದಿಲು ಇದು. ಕಟ್ಟಿಗೆಯಿಂದ ಮಾಡಿದ್ದರೆ ಅದರಲ್ಲಿ ಸಾರಜನಕ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ, ಆ ಅಲ್ಪವೂ ಇಂಗಾಲದ ಉಂಗುರಗಳೊಳಗೆ ಸಿಕ್ಕಿಕೊಂಡಿರುವುದರಿಂದ ಬೇರಿಗೆ ಸಿಗುವುದಿಲ್ಲ. ಬಯೋಚಾರ್ ಮಾಡುವ ಕೆಲಸ ಬೇರೆ: ಕಾಂಪೋಸ್ಟ್ ಕೊಡುವ ಸಾರಜನಕ ಎಲ್ಲಿ ನಿಲ್ಲಬೇಕು, ಯಾವ ರೂಪದಲ್ಲಿ ಇರಬೇಕು, ಯಾವಾಗ ಬೇರಿನ ಕೈಗೆ ಸಿಗಬೇಕು ಎನ್ನುವುದನ್ನು ಅದು ಬದಲಿಸುತ್ತದೆ. ಹೊಟ್ಟೆ ತುಂಬಿಸಿ ಮಣ್ಣಿಗಿಳಿಸಿದರೆ ಬೆಳೆಗೆ ಅನುಕೂಲ. ಖಾಲಿ ಹೊಟ್ಟೆಯಲ್ಲಿ ಇಳಿಸಿದರೆ ಮೊದಲ ಊಟ ಅದರದ್ದೇ, ಬೆಳೆಯದಲ್ಲ.

ಮಣ್ಣಿನೊಳಗೆ ನಡೆಯುವುದೇನು

ಕಾಂಪೋಸ್ಟಿನ ಸಾರಜನಕದಲ್ಲಿ ಹೆಚ್ಚಿನ ಪಾಲು ಸಾವಯವ ರೂಪದಲ್ಲಿರುತ್ತದೆ. ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಮೊದಲು ಅಮೋನಿಯಂ ಆಗುತ್ತದೆ, ಆಮೇಲೆ ನೈಟ್ರೇಟ್. ಈ ಎರಡನ್ನೂ ಇದ್ದಿಲು ಒಂದೇ ರೀತಿ ನೋಡುವುದಿಲ್ಲ.

ಅಮೋನಿಯಂಗೆ ಧನ ವಿದ್ಯುದಂಶ. ಇದ್ದಿಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶದ ತಾಣಗಳಿರುವುದರಿಂದ ಅದು ಅಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಆದರೆ ಒಲೆಯಿಂದ ಆಗಷ್ಟೇ ಹೊರಬಂದ ಇದ್ದಿಲಿನಲ್ಲಿ ಇಂತಹ ತಾಣಗಳು ಕಡಿಮೆ. ಗಾಳಿ, ನೀರು, ಸೂಕ್ಷ್ಮಜೀವಿಗಳ ಸಂಪರ್ಕದಲ್ಲಿ ಅಂಚುಗಳು ಉತ್ಕರ್ಷಣೆಗೊಂಡಂತೆ ಹಿಡಿತ ಬಲಿಯುತ್ತದೆ. 350ರಿಂದ 450 ಡಿಗ್ರಿಯಲ್ಲಿ ಸುಟ್ಟದ್ದಕ್ಕೆ ಈ ಗುಣ ಬೇಗ ಬರುತ್ತದೆ. 600 ಡಿಗ್ರಿ ದಾಟಿದ್ದರಲ್ಲಿ ರಂಧ್ರಗಳು ಹೆಚ್ಚು, ಕ್ಷಾರತೆಯೂ ಹೆಚ್ಚು.

ನೈಟ್ರೇಟಿನದು ಋಣ ವಿದ್ಯುದಂಶ, ಹಾಗಾಗಿ ಹೊಸ ಇದ್ದಿಲು ಅದನ್ನು ಹಿಡಿಯುವುದು ತೀರಾ ಕಡಿಮೆ. ಮಳೆ ಬಂದರೆ ಬೇರಿನ ಆಳ ದಾಟಿ ಬಸಿದುಹೋಗುವುದು ಹೆಚ್ಚಾಗಿ ಇದೇ. ಕಾಂಪೋಸ್ಟ್ ರಾಶಿಯಲ್ಲಿ ತಿಂಗಳುಗಟ್ಟಲೆ ಕಳೆದ ಇದ್ದಿಲಿನ ವಿಷಯ ಮಾತ್ರ ಬೇರೆ. ಅದರ ರಂಧ್ರಗಳ ಒಳಗೋಡೆಗೆ ಸಾವಯವ ಪದಾರ್ಥದ ತೆಳು ಲೇಪ ಹತ್ತುತ್ತದೆ. ಈ ಲೇಪವೇ ಪೋಷಕಾಂಶ ಹಿಡಿದಿಡುವ ಗುಣಕ್ಕೆ ಕಾರಣವೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೀಗೆ ಹಳತಾದ ಇದ್ದಿಲು ನೈಟ್ರೇಟನ್ನೂ ಒಳಗೆ ಸೆರೆಹಿಡಿದು ನಿಧಾನವಾಗಿ ಬಿಡುತ್ತದೆ. ಈ ಬರಹದಲ್ಲಿ ‘ರಾಶಿಯಲ್ಲೇ ಬೆರೆಸಿ’ ಎಂದು ಮತ್ತೆ ಮತ್ತೆ ಹೇಳುವುದಕ್ಕೆ ಮುಖ್ಯ ಕಾರಣ ಇದು.

ಮೂರನೆಯದು ಗಾಳಿಗೆ ಹಾರುವ ಅಮೋನಿಯ. ಅಮೋನಿಯಂ ಅಯಾನು ಹಾರುವ ಅಮೋನಿಯ ಆಗುವುದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಶೇ 1ರಷ್ಟೂ ಅನಿಲ ರೂಪದಲ್ಲಿರುವುದಿಲ್ಲ, 8ರಲ್ಲಿ ಸುಮಾರು ಶೇ 5, 9ರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು. ಬೂದಿ ತುಂಬಿದ, ಪಿಎಚ್ 10ರ ಇದ್ದಿಲನ್ನು ಕೋಳಿ ಗೊಬ್ಬರಕ್ಕೆ ಸುರಿದರೆ ಮೂಗಿಗೆ ಘಾಟು ಬಡಿಯುವುದು ಇದಕ್ಕೇ. ಸಾರಜನಕ ಉಳಿಸಲೆಂದು ಹಾಕಿದ ವಸ್ತುವೇ ಅದನ್ನು ಓಡಿಸಿದಂತಾಗುತ್ತದೆ.

ಇನ್ನು ನೈಟ್ರಸ್ ಆಕ್ಸೈಡ್. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಒಡೆಯುವಾಗ ಹೊರಬರುವ ಈ ಅನಿಲ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಬಯೋಚಾರ್ ಬೆರೆತಾಗ ಸಾಮಾನ್ಯವಾಗಿ ಇದು ತಗ್ಗುತ್ತದೆ: ಮಣ್ಣಿಗೆ ಗಾಳಿ ಆಡುತ್ತದೆ, ಹುಳಿ ಕಡಿಮೆಯಾಗುತ್ತದೆ, ಒಡೆಯುವ ಕ್ರಿಯೆ ಅರ್ಧಕ್ಕೆ ನಿಲ್ಲದೆ ನಿರುಪದ್ರವಿ ಸಾರಜನಕ ಅನಿಲದವರೆಗೂ ಸಾಗುತ್ತದೆ.

ಎಲೆ ಹಳದಿಯಾಗುವ ಲೆಕ್ಕ

ಒಂದು ಚದರ ಮೀಟರ್ ಮಡಿ ತೆಗೆದುಕೊಳ್ಳಿ. ಅದಕ್ಕೆ 3 ಕೆ.ಜಿ. ಕಾಂಪೋಸ್ಟ್ ಹಾಕಿದ್ದೀರಿ, ಅದರಲ್ಲಿ ಶೇ 40 ತೇವಾಂಶ. ಒಣ ತೂಕ 1.8 ಕೆ.ಜಿ. ಆಯಿತು. ಒಣ ತೂಕದಲ್ಲಿ ಶೇ 1.5 ಸಾರಜನಕ ಎಂದರೆ ಒಟ್ಟು 27 ಗ್ರಾಂ. ಕೇಳಲು ಹೆಚ್ಚೆನಿಸಿದರೂ ಚೆನ್ನಾಗಿ ಮಾಗಿದ ಕಾಂಪೋಸ್ಟ್ ಮೊದಲ ಹಂಗಾಮಿನಲ್ಲಿ ಅದರ ಶೇ 10–15 ಬಿಟ್ಟರೆ ಹೆಚ್ಚು. ಅಂದರೆ ಬೆಳೆಗೆ ಸಿಗುವುದು 3–4 ಗ್ರಾಂ.

ಈಗ ಅದೇ ಮಡಿಗೆ 1 ಕೆ.ಜಿ. ಖಾಲಿ ಇದ್ದಿಲು ಬೆರೆಸಿ. ಒಂದು ಗ್ರಾಂ ಇದ್ದಿಲು ಒಂದೆರಡು ಮಿಲಿಗ್ರಾಂ ಅಮೋನಿಯಂ ಸಾರಜನಕ ಹಿಡಿದರೂ ಸಾಕು, 1–2 ಗ್ರಾಂ ಅಲ್ಲಿಗೆ ಹೋಯಿತು. ಇದ್ದಿಲಿನಲ್ಲಿ ಬೇಗ ಕೊಳೆಯುವ ಇಂಗಾಲವೂ ಸ್ವಲ್ಪ ಇರುತ್ತದೆ. ತೂಕದ ಶೇ 2–3 ಎಂದುಕೊಂಡರೆ 20–30 ಗ್ರಾಂ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ತಮ್ಮ ಮೈ ಕಟ್ಟಿಕೊಳ್ಳಲು ಇನ್ನೊಂದು ಗ್ರಾಂ ಸಾರಜನಕ ಎಳೆದುಕೊಳ್ಳುತ್ತವೆ. ಕೂಡಿಸಿದರೆ 2–3 ಗ್ರಾಂ. ಕಾಂಪೋಸ್ಟ್ ಇಡೀ ಹಂಗಾಮಿಗೆ ಕೊಡುವುದರಲ್ಲಿ ಮುಕ್ಕಾಲು ಪಾಲು ಇದ್ದಿಲಿನ ಬಾಯಿಗೇ ಹೋದಂತೆ. ಇದು ಸ್ಥೂಲ ಲೆಕ್ಕ, ಇದ್ದಿಲಿನಿಂದ ಇದ್ದಿಲಿಗೆ ಬದಲಾಗುತ್ತದೆ. ಆದರೂ ಮೊದಲ ನಾಲ್ಕಾರು ವಾರ ಸಸಿಗಳು ಬಿಳಿಚಿಕೊಂಡು ನಿಲ್ಲುವುದೇಕೆ ಎನ್ನುವುದಕ್ಕೆ ಇಷ್ಟು ಸಾಕು. ಮಣ್ಣಿಗಿಳಿಯುವ ಮೊದಲೇ ಆ 2–3 ಗ್ರಾಂ ಇದ್ದಿಲಿನೊಳಗೆ ಸೇರಿರಬೇಕು. ಮುಂದಿನ ಹಂತಗಳೆಲ್ಲ ಇದಕ್ಕಾಗಿಯೇ.

ಹಂತ 1: ಕೈಯಲ್ಲಿರುವ ಇದ್ದಿಲು ಎಂಥದ್ದು?

ಒಂದು ತುಂಡನ್ನು ಬೆರಳುಗಳ ನಡುವೆ ಪುಡಿಮಾಡಿ ಅಂಗೈಗೆ ಉಜ್ಜಿ. ಬರೀ ನೀರಿನಲ್ಲಿ ತೊಳೆದರೆ ಕಪ್ಪು ಹೋಗಬೇಕು. ಸೋಪು ಹಾಕಿ ತಿಕ್ಕಿದರೂ ಜಿಡ್ಡು ಉಳಿದರೆ, ಹೊಗೆಯ ವಾಸನೆ ಬಂದರೆ, ಅದರಲ್ಲಿ ಟಾರು ಉಳಿದಿದೆ, ಸರಿಯಾಗಿ ಬೆಂದಿಲ್ಲ. ಒಳಗೆ ಕಂದು ಬಣ್ಣದ ಕಟ್ಟಿಗೆ ಕಂಡರೂ ಹಾಗೆಯೇ. ಅಂಥದ್ದು ಸಾರಜನಕವನ್ನು ಹೆಚ್ಚು ಎಳೆಯುತ್ತದೆ, ಬೀಜ ಮೊಳೆಯುವುದಕ್ಕೂ ಅಡ್ಡಿಯಾಗಬಹುದು. ಪ್ರಯೋಗಾಲಯದ ವರದಿ ಇದ್ದರೆ ಜಲಜನಕ ಮತ್ತು ಸಾವಯವ ಇಂಗಾಲದ ಪರಮಾಣು ಅನುಪಾತ ನೋಡಿ. ಅದು 0.7 ಮೀರಬಾರದು.

ಪಿಎಚ್ ನೋಡಲು 10 ಗ್ರಾಂ ಪುಡಿಯನ್ನು 200 ಮಿ.ಲೀ. ಬಟ್ಟಿ ಇಳಿಸಿದ ನೀರಿಗೆ ಹಾಕಿ, ಒಂದೂವರೆ ಗಂಟೆ ಆಗಾಗ ಅಲುಗಾಡಿಸಿ, ತಿಳಿನೀರಿನಲ್ಲಿ ಮೀಟರ್ ಅಥವಾ ಪಟ್ಟಿ ಅದ್ದಿ. 7ರಿಂದ 8.5 ಇದ್ದರೆ ನೆಮ್ಮದಿ. 9 ದಾಟಿದರೆ ಬೂದಿ ಹೆಚ್ಚಿದೆ ಎಂದರ್ಥ. ಜರಡಿ ಹಿಡಿದು ಬೂದಿಯ ಹುಡಿ ತೆಗೆಯಿರಿ, ಉಳಿದದ್ದನ್ನು ಒಂದೆರಡು ಸಲ ನೀರಿನಲ್ಲಿ ತೊಳೆಯಿರಿ. ಹುಳಿ ಮಣ್ಣಿಗಾದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅಲ್ಲಿ ಈ ಕ್ಷಾರವೇ ಸುಣ್ಣದ ಕೆಲಸ ಮಾಡುತ್ತದೆ. ಮಣ್ಣಿನ ಪಿಎಚ್ 7.5 ಮೀರಿದ್ದರೆ ಮಾತ್ರ ಕಟ್ಟುನಿಟ್ಟಾಗಿರಿ.

ಕೊನೆಗೆ ಒಣ ಇದ್ದಿಲನ್ನು ಹತ್ತು ಲೀಟರ್ ಬಕೆಟ್ಟಿಗೆ ತುಂಬಿ ತೂಗಿ ಬರೆದಿಟ್ಟುಕೊಳ್ಳಿ. ಕಟ್ಟಿಗೆ ಇದ್ದಿಲಾದರೆ ಸುಮಾರು 2 ಕೆ.ಜಿ. ಆಸುಪಾಸು ಬರುತ್ತದೆ. ಮುಂದೆ ಲೀಟರ್ ಲೆಕ್ಕವನ್ನು ಕೆ.ಜಿ.ಗೆ ತಿರುಗಿಸಲು ಈ ಸಂಖ್ಯೆ ಬೇಕೇ ಬೇಕು. ಬಣ್ಣ ಬಳಿದ, ಗೆದ್ದಲು ನಿರೋಧಕ ಹೊಡೆದ ಕಟ್ಟಿಗೆಯಿಂದ ಮಾಡಿದ್ದನ್ನು ಬಳಸಲೇಬೇಡಿ. ಅದರಲ್ಲಿರುವ ಆರ್ಸೆನಿಕ್, ಕ್ರೋಮಿಯಂ ಸುಟ್ಟರೂ ಪೂರ್ತಿ ಹೋಗುವುದಿಲ್ಲ.

ಹಂತ 2: ಪುಡಿ ಮಾಡಿ, ನೆನೆಸಿ

ತುಂಡುಗಳು 2ರಿಂದ 10 ಮಿ.ಮೀ. ಇರಲಿ. ಗೋಣಿಚೀಲದಲ್ಲಿ ಹಾಕಿ ತುಳಿದರೂ ಆಗುತ್ತದೆ, ಆದರೆ ಮೊದಲು ನೀರು ಚಿಮುಕಿಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿ. ಇದ್ದಿಲ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಬೆಂಕಿಗೂ ಬೇಗ ಹತ್ತುತ್ತದೆ. ಹೊಸ ಇದ್ದಿಲನ್ನು ದೊಡ್ಡ ರಾಶಿಯಾಗಿ ಒಣಗಿಸಿಟ್ಟರೆ ತಾನಾಗಿ ಬಿಸಿಯೇರಿ ಹೊತ್ತಿಕೊಂಡ ಉದಾಹರಣೆಗಳೂ ಉಂಟು.

ಒಣ ಇದ್ದಿಲಿಗೆ ನೀರು ಸುರಿದರೆ ಅದು ಮುತ್ತಿನಂತೆ ಜಾರುತ್ತದೆ, ತುಂಡುಗಳು ತೇಲುತ್ತವೆ. ಸಾಕೆಂದು ಅಲ್ಲಿಗೇ ಬಿಡಬೇಡಿ. ಒಂದು ದಿನ ಮುಳುಗಿಸಿಟ್ಟು, ತೇಲುವುದರ ಮೇಲೆ ಭಾರ ಹೇರಿ. ಮರುದಿನ ಒಂದು ತುಂಡು ಮುರಿದು ನೋಡಿ: ಒಳಗಿನವರೆಗೂ ಕಡುಗಪ್ಪಾಗಿ ಒದ್ದೆಯಾಗಿರಬೇಕು, ನಡುವೆ ಬೂದು ಬಣ್ಣದ ಒಣ ಚುಕ್ಕೆ ಉಳಿದಿರಬಾರದು. ಒಣ ಇದ್ದಿಲು ತನ್ನ ತೂಕದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರು ಕುಡಿಯುತ್ತದೆ. ನೆನೆಸದೆ ರಾಶಿಗೆ ಹಾಕಿದರೆ ಆ ನೀರನ್ನು ರಾಶಿಯಿಂದಲೇ ಹೀರುತ್ತದೆ, ಕೊಳೆಯುವುದು ನಿಂತುಬಿಡುತ್ತದೆ.

ಹಂತ 3: ಕಾಂಪೋಸ್ಟ್ ರಾಶಿಯಲ್ಲೇ ಬೆರೆಸುವುದು

ಇದೇ ಎಲ್ಲಕ್ಕಿಂತ ಉತ್ತಮ ದಾರಿ. ಒಂದು ಘನ ಮೀಟರ್ ರಾಶಿಗೆ 50ರಿಂದ 100 ಲೀಟರ್ ಇದ್ದಿಲು, ಅಂದರೆ ಗಾತ್ರದಲ್ಲಿ ಶೇ 5–10. ಹಸಿರು ಮತ್ತು ಒಣ ಪದಾರ್ಥಗಳ ಇಂಗಾಲ–ಸಾರಜನಕ ಅನುಪಾತ 25ರಿಂದ 30ರ ನಡುವೆ ಇರಲಿ, ಆದರೆ ಈ ಲೆಕ್ಕಕ್ಕೆ ಇದ್ದಿಲಿನ ಇಂಗಾಲವನ್ನು ಸೇರಿಸಬೇಡಿ. ಅದು ಕೊಳೆಯುವ ಇಂಗಾಲವಲ್ಲ. ಇದ್ದಿಲು ಇದೆಯಲ್ಲ ಎಂದು ಒಣ ಎಲೆ, ಹುಲ್ಲು ಕಡಿಮೆ ಮಾಡಿದರೆ ಹೆಚ್ಚುವರಿ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ.

ಒಂದು ಗೇಣು ದಪ್ಪದ ಪದರಕ್ಕೆ ಒಂದು ತೆಳು ಪದರ ನೆನೆದ ಇದ್ದಿಲು ಹಾಕುತ್ತ ಹೋಗಿ. ಸಗಣಿ, ಕೋಳಿ ಗೊಬ್ಬರದಂತಹ ಸಾರಜನಕ ತುಂಬಿದ ಪದರದ ಮೇಲೆಯೇ ಇದ್ದಿಲು ಬೀಳಲಿ, ಮೇಲೇಳುವ ಅಮೋನಿಯ ಅಲ್ಲೇ ಸಿಗುತ್ತದೆ. ಕೋಳಿ ಗೊಬ್ಬರಕ್ಕೆ ಪೈನ್ ಮರದ ಇದ್ದಿಲನ್ನು ಶೇ 20ರಷ್ಟು ಬೆರೆಸಿದಾಗ ಒಟ್ಟು ಸಾರಜನಕ ನಷ್ಟ ಶೇ 52ರವರೆಗೆ ತಗ್ಗಿದ್ದು 2010ರ ಒಂದು ಅಧ್ಯಯನದಲ್ಲಿ ದಾಖಲಾಗಿದೆ. ಎಲ್ಲ ರಾಶಿಯಲ್ಲೂ ಇಷ್ಟು ಸಿಗುತ್ತದೆಂದು ಭಾವಿಸಬೇಡಿ. ಸಾರಜನಕ ಕಡಿಮೆ ಇರುವ ಎಲೆಗಸದ ರಾಶಿಯಲ್ಲಿ ಉಳಿಸುವುದಕ್ಕೇ ಹೆಚ್ಚೇನಿರುವುದಿಲ್ಲ.

ತೇವಾಂಶ ಶೇ 50–60 ಇರಬೇಕು: ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಇಣುಕಬೇಕು. ಇದ್ದಿಲು ಸೇರಿದ ರಾಶಿ ಚೆನ್ನಾಗಿ ಉಸಿರಾಡುವುದರಿಂದ ಬೇಗ ಬಿಸಿಯೇರುತ್ತದೆ, ಬೇಗ ಒಣಗುತ್ತದೆ ಕೂಡ. ಒಳಗಿನ ಉಷ್ಣತೆ 55–65 ಡಿಗ್ರಿಗೆ ಬಂದು ಮೂರು ದಿನ ನಿಲ್ಲಲಿ, ಆಮೇಲೆ ಮಗುಚಿ. 65 ದಾಟಿದರೆ ತಕ್ಷಣ ಮಗುಚಿ ನೀರು ಕೊಡಿ. ಮೊದಲ ತಿಂಗಳು ವಾರಕ್ಕೊಮ್ಮೆ, ನಂತರ ಹದಿನೈದು ದಿನಕ್ಕೊಮ್ಮೆ ಮಗುಚಿದರೆ ಸಾಕು. ಎರಡು ತಿಂಗಳ ಮೇಲೆ ಬಿಸಿ ಇಳಿದಾಗ ಕೆಲಸ ಮುಗಿಯಿತೆಂದು ಹೊರಗೆ ಎಳೆಯಬೇಡಿ. ನೈಟ್ರೇಟ್ ಹೆಚ್ಚಾಗಿ ಹುಟ್ಟುವುದು ರಾಶಿ ತಣ್ಣಗಾದ ಮೇಲೆಯೇ, ಇದ್ದಿಲು ಅದನ್ನು ತುಂಬಿಕೊಳ್ಳುವುದೂ ಆಗಲೇ. ಇನ್ನೊಂದು ತಿಂಗಳು ಮಳೆ ಬೀಳದ ಕಡೆ ಮಾಗಲು ಬಿಡಿ.

ಪ್ರಯೋಗಾಲಯಕ್ಕೆ ಕಳಿಸುವವರು ಒಂದು ವಿಷಯ ಗಮನಿಸಿ. 150 ಕೆ.ಜಿ. ಒಣ ಕಾಂಪೋಸ್ಟಿನಲ್ಲಿ ಶೇ 30 ಇಂಗಾಲ, ಶೇ 1.5 ಸಾರಜನಕ ಇದ್ದರೆ ಅನುಪಾತ 20. ಅದಕ್ಕೆ 20 ಕೆ.ಜಿ. ಇದ್ದಿಲು ಸೇರಿದಾಗ ವರದಿಯಲ್ಲಿ ಸಾರಜನಕ ಶೇ 1.3 ಎಂದೂ ಅನುಪಾತ 27 ಎಂದೂ ಬರುತ್ತದೆ. ‘ಇನ್ನೂ ಮಾಗಿಲ್ಲ’ ಎಂದು ಓದಿಕೊಳ್ಳುವುದು ಸುಲಭ. ನಿಜದಲ್ಲಿ ಏನೂ ಕಳೆದಿಲ್ಲ, ಕೊಳೆಯದ ಇಂಗಾಲ ಲೆಕ್ಕದೊಳಗೆ ನುಗ್ಗಿದೆ ಅಷ್ಟೇ. ಮಾಗಿದೆಯೋ ಇಲ್ಲವೋ ತಿಳಿಯಲು ತೇವ ಮಾಡಿದ ಕಾಂಪೋಸ್ಟನ್ನು ಚೀಲದಲ್ಲಿ ಮೂರು ದಿನ ಮುಚ್ಚಿಟ್ಟು ಮೂಸಿ ನೋಡುವುದು, ಅದರಲ್ಲಿ ಮೂಲಂಗಿ ಬೀಜ ಹಾಕಿ ನೋಡುವುದು ಇದಕ್ಕಿಂತ ನಂಬಿಕಸ್ಥ ವಿಧಾನ.

ಕಾಂಪೋಸ್ಟ್ ಈಗಾಗಲೇ ತಯಾರಿದ್ದರೆ

ಒಂದು ಪಾಲು ನೆನೆದ ಇದ್ದಿಲಿಗೆ ಎರಡು ಪಾಲು ಮಾಗಿದ ಕಾಂಪೋಸ್ಟ್ ಬೆರೆಸಿ, ಗೋಣಿ ಹೊದಿಸಿ, ನಾಲ್ಕು ವಾರ ನೆರಳಲ್ಲಿಡಿ. ವಾರಕ್ಕೊಮ್ಮೆ ತಿರುವಿ. ಅವಸರವಿದ್ದರೆ ಗಂಜಲ ನೆರವಿಗೆ ಬರುತ್ತದೆ. ಒಂದು ಲೀಟರ್ ಗಂಜಲದಲ್ಲಿ ಸಾಮಾನ್ಯವಾಗಿ 5ರಿಂದ 10 ಗ್ರಾಂ ಸಾರಜನಕ ಇರುತ್ತದೆ. ಹತ್ತು ಲೀಟರ್, ಅಂದರೆ 2 ಕೆ.ಜಿ. ಇದ್ದಿಲಿಗೆ ಬೇಕಾದದ್ದು 4–6 ಗ್ರಾಂ, ಹಾಗಾಗಿ ಒಂದು ಲೀಟರ್ ಗಂಜಲವನ್ನು ಐದು ಲೀಟರ್ ನೀರಿಗೆ ಬೆರೆಸಿ ನೆನೆಸಿದರೆ ಲೆಕ್ಕ ಸರಿಹೋಗುತ್ತದೆ. ಆದಷ್ಟು ಹೊಸ ಗಂಜಲವನ್ನೇ ಬಳಸಿ. ಹಳತಾದಂತೆ ಯೂರಿಯ ಒಡೆದು ಪಿಎಚ್ 9ರ ಹತ್ತಿರ ಏರುತ್ತದೆ, ಘಾಟಿನ ಜೊತೆ ಸಾರಜನಕವೂ ಹೋಗುತ್ತದೆ. ಪಾತ್ರೆಗೆ ಮುಚ್ಚಳವಿರಲಿ, ಒಂದು ದಿನದ ನಂತರ ತೆಗೆದು ಅಂದೇ ಕಾಂಪೋಸ್ಟಿಗೆ ಕಲಸಿ ಎರಡು ವಾರ ಬಿಡಿ. ಬರೀ ಗಂಜಲ ಕುಡಿಸಿದ ಇದ್ದಿಲನ್ನು ನೇರವಾಗಿ ಬೇರಿನ ಬುಡಕ್ಕೆ ಹಾಕಿದರೆ ಉಪ್ಪಿಗೆ ಎಳೆ ಬೇರು ಸುಡುತ್ತದೆ.

ಹಂತ 4: ಮಣ್ಣಿಗೆ ಎಷ್ಟು?

ಮರಳು ಮಣ್ಣಿಗೆ ಚದರ ಮೀಟರಿಗೆ 1 ಕೆ.ಜಿ. ಇದ್ದಿಲು, ಜೇಡಿ ಮಣ್ಣಿಗೆ ಅರ್ಧ ಕೆ.ಜಿ. ಹೆಕ್ಟೇರಿಗೆ ಕ್ರಮವಾಗಿ 10 ಮತ್ತು 5 ಟನ್. ಮೇಲಿನ 15 ಸೆಂ.ಮೀ. ಮಣ್ಣು ಚದರ ಮೀಟರಿಗೆ ಸುಮಾರು 195 ಕೆ.ಜಿ. ತೂಗುವುದರಿಂದ 1 ಕೆ.ಜಿ. ಎಂದರೆ ಶೇ 0.5 ಮಾತ್ರ. ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬುದನ್ನು ನಾವು ಒಪ್ಪುವುದಿಲ್ಲ. ಕಾಂಪೋಸ್ಟಿನಂತೆ ಇದನ್ನು ಮುಂದಿನ ವರ್ಷ ಕಡಿಮೆ ಮಾಡಿ ಸರಿದೂಗಿಸಲಾಗದು, ಒಮ್ಮೆ ಬೆರೆಸಿದ್ದನ್ನು ಹೆಕ್ಕಿ ತೆಗೆಯಲು ಆಗುವುದೂ ಇಲ್ಲ.

ರಾಶಿಯಲ್ಲಿ ಬೆರೆಸಿದ್ದರೆ ಇನ್ನೊಂದು ಲೆಕ್ಕವಿದೆ. ಕಾಂಪೋಸ್ಟ್ ಕೊಳೆತು ಅರ್ಧಕ್ಕೆ ಕುಸಿಯುತ್ತದೆ, ಇದ್ದಿಲು ಕುಸಿಯುವುದಿಲ್ಲ. ಶೇ 10 ಹಾಕಿದ್ದು ಕೊನೆಗೆ ಶೇ 20 ಆಗಿರುತ್ತದೆ. ಒಂದು ಸೆಂ.ಮೀ. ದಪ್ಪ ಹರಡಿದರೆ ಚದರ ಮೀಟರಿಗೆ 10 ಲೀಟರ್, ಅದರಲ್ಲಿ 2 ಲೀಟರ್ ಇದ್ದಿಲು, ತೂಕ ಸುಮಾರು 400 ಗ್ರಾಂ. ಎರಡು ಮೂರು ಹಂಗಾಮುಗಳಲ್ಲಿ ಗುರಿ ಮುಟ್ಟುತ್ತದೆ; ಒಮ್ಮೆಗೇ ಸುರಿಯುವುದಕ್ಕಿಂತ ಇದೇ ಮೇಲು.

ಗಾಳಿ ಇಲ್ಲದ ಹೊತ್ತು ನೋಡಿ, ತೇವವಿರುವಾಗಲೇ ಹರಡಿ, 10–15 ಸೆಂ.ಮೀ. ಆಳಕ್ಕೆ ಬೆರೆಸಿ, ಮೇಲೆ ಹೊದಿಕೆ ಹಾಕಿ. ಮಣ್ಣಿನ ಮೇಲೆಯೇ ಬಿಟ್ಟರೆ ಮೊದಲ ಜೋರು ಮಳೆಗೆ ತೇಲಿ ಹೋಗುತ್ತದೆ.

ಹಂತ 5: ಅಳೆದು ನೋಡುವುದು

ಒಂದು ಮೀಟರ್ ಚದರದ ಮಡಿಗಳನ್ನು ನಾಲ್ಕು ಬಗೆಯಲ್ಲಿ ಮಾಡಿ: ಏನೂ ಹಾಕದ್ದು, ಕಾಂಪೋಸ್ಟ್ ಮಾತ್ರ, ಇದ್ದಿಲು ಮಾತ್ರ, ಎರಡೂ. ಪ್ರತಿಯೊಂದಕ್ಕೂ ಮೂರು ಮಡಿ. ಏನೂ ಹಾಕದ ಮಡಿ ಇಲ್ಲದೆ ಹೇಳುವ ಫಲಿತಾಂಶ ಬರೀ ಅಂದಾಜು. ಶುರುವಿನಲ್ಲಿ, ನಂತರ 14, 28 ಮತ್ತು 56ನೇ ದಿನ ಪ್ರತಿ ಮಡಿಯ ಐದು ಕಡೆಯಿಂದ 15 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸಿ. 20 ಗ್ರಾಂ ಮಣ್ಣಿಗೆ 100 ಮಿ.ಲೀ. ಬಟ್ಟಿ ಇಳಿಸಿದ ನೀರು ಹಾಕಿ ಚೆನ್ನಾಗಿ ಅಲುಗಾಡಿಸಿ, ಸೋಸಿ, ನೈಟ್ರೇಟ್ ಪಟ್ಟಿ ಅದ್ದಿ.

ಪಟ್ಟಿ ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್ ತೋರಿಸಿತು ಎನ್ನಿ. ಐದರಿಂದ ಗುಣಿಸಿದರೆ ಕೆ.ಜಿ. ಮಣ್ಣಿಗೆ 100 ಮಿಲಿಗ್ರಾಂ, ಅದನ್ನು 4.43ರಿಂದ ಭಾಗಿಸಿದರೆ 22.6 ಮಿಲಿಗ್ರಾಂ ಸಾರಜನಕ. 195 ಕೆ.ಜಿ. ಮಣ್ಣಿಗೆ ಗುಣಿಸಿ: ಚದರ ಮೀಟರಿಗೆ 4.4 ಗ್ರಾಂ. ಕೆಲವು ಪಟ್ಟಿಗಳು ನೈಟ್ರೇಟನ್ನಲ್ಲ, ನೇರವಾಗಿ ನೈಟ್ರೇಟ್ ಸಾರಜನಕವನ್ನೇ ತೋರಿಸುತ್ತವೆ. ಡಬ್ಬಿಯ ಮೇಲೆ ಬರೆದದ್ದನ್ನು ಓದದೆ 4.43ರಿಂದ ಭಾಗಿಸಿದರೆ ನಾಲ್ಕು ಪಟ್ಟು ತಪ್ಪಾಗುತ್ತದೆ. ಮಣ್ಣು ತೇವವಾಗಿದ್ದರೆ ಅದರ ನೀರಿನ ತೂಕದಷ್ಟು ಸಂಖ್ಯೆ ಕಡಿಮೆ ಬರುತ್ತದೆ ಎನ್ನುವುದೂ ನೆನಪಿರಲಿ.

ಇದ್ದಿಲಿನ ರಂಧ್ರದೊಳಗೆ ಸೆರೆಯಾದ ನೈಟ್ರೇಟ್ ಒಂದೇ ಸಲಕ್ಕೆ ನೀರಿಗೆ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಿಂದ ಒಮ್ಮೆ ತೊಳೆದರೂ ಪೂರ್ತಿ ಹೊರಬರುವುದಿಲ್ಲ. ಆದ್ದರಿಂದ ಇದ್ದಿಲಿನ ಮಡಿಯಲ್ಲಿ ಸಂಖ್ಯೆ ಕಡಿಮೆ ಕಂಡು ಬೆಳೆ ಹಸಿರಾಗಿಯೇ ಇದ್ದರೆ ಬೆಳೆಯನ್ನೇ ನಂಬಿ.

ಹಳದಿ ಕಂಡಾಗ

ಯಾವ ಎಲೆ ಎಂದು ಮೊದಲು ನೋಡಿ. ಸಾರಜನಕದ ಕೊರತೆಯಾದರೆ ಬುಡದ ಹಳೆಯ ಎಲೆಗಳು ತುದಿಯಿಂದ ಶುರುವಾಗಿ ನರಗಳ ಸಮೇತ ಏಕರೂಪವಾಗಿ ಹಳದಿಯಾಗುತ್ತವೆ, ಗಿಡ ತನ್ನ ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುವುದರಿಂದ. ಚಿಗುರೆಲೆಯೇ ಹಳದಿಯಾಗಿ ನರಗಳು ಮಾತ್ರ ಹಸಿರು ಗೆರೆಯಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಕ್ಷಾರೀಯ ಇದ್ದಿಲು ಮಣ್ಣಿನ ಪಿಎಚ್ ಏರಿಸಿದೆ. ಇದಕ್ಕೆ ಸಾರಜನಕ ಕೊಟ್ಟು ಪ್ರಯೋಜನವಿಲ್ಲ.

ಮೊದಲನೆಯದಾದರೆ ಒಂದು ಲೀಟರ್ ಗಂಜಲಕ್ಕೆ ಹತ್ತು ಲೀಟರ್ ನೀರು ಬೆರೆಸಿ ಚದರ ಮೀಟರಿಗೆ ಮೂರು ಲೀಟರಿನಂತೆ ಬುಡಕ್ಕೆ ಕೊಡಿ. ಇದರಿಂದ ಸಿಗುವುದು ಸುಮಾರು 1.5ರಿಂದ 2.5 ಗ್ರಾಂ ಸಾರಜನಕ. ಹತ್ತು ದಿನ ಬಿಟ್ಟು ಹೊಸ ಎಲೆಯ ಬಣ್ಣ ನೋಡಿ, ಬೇಕಾದರೆ ಇನ್ನೊಮ್ಮೆ. ಹಳದಿಯಾದ ಹಳೆಯ ಎಲೆ ಮತ್ತೆ ಹಸಿರಾಗಲಿ ಎಂದು ಕಾಯಬೇಡಿ. ಎರಡನೆಯದಾದರೆ ಆ ಮಡಿಗೆ ಇದ್ದಿಲು ನಿಲ್ಲಿಸಿ, ಕ್ಷಾರವಿಲ್ಲದ ಎಲೆಗೊಬ್ಬರ ಹೆಚ್ಚಿಸಿ.

ಮುಂದಿನ ವರ್ಷಗಳಲ್ಲಿ ಇದ್ದಿಲಿನ ಗುರಿ ಮುಟ್ಟಿದ ಮಡಿಗೆ ಬರೀ ಕಾಂಪೋಸ್ಟ್ ಸಾಕು. ಆಗ ರಾಶಿಗೆ ಹೊಸ ಇದ್ದಿಲು ಹಾಕುವುದನ್ನು ಬಿಡಿ, ಇಲ್ಲವೇ ಆ ಕಾಂಪೋಸ್ಟನ್ನು ಇನ್ನೂ ಇದ್ದಿಲು ಕಾಣದ ಮಡಿಗೆ ಕಳಿಸಿ. ಯಾವ ಮಡಿಗೆ ಯಾವ ವರ್ಷ ಎಷ್ಟು ಕೆ.ಜಿ. ಬಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಐದು ವರ್ಷದ ಮೇಲೆ ಮಣ್ಣಿನ ಕಪ್ಪು ನೋಡಿ ಅದನ್ನು ಹೇಳಲು ಸಾಧ್ಯವಿಲ್ಲ.